ಲೋವೆಲ್ ತೆಸಾರ್ ಹಿಟ್ ಕೊಡದ ಬುಧವಾರ

ಬೇಸ್‌ಬಾಲ್ ತಂಡದಲ್ಲಿ ಕೆಲವರನ್ನು ಗೆಲ್ಲುವುದಕ್ಕೆ ಇಟ್ಟುಕೊಳ್ಳುತ್ತಾರೆ, ಕೆಲವರನ್ನು ಬೆಳೆಸುವುದಕ್ಕೆ. ಲೋವೆಲ್ ತೆಸಾರ್ ಎರಡಕ್ಕೂ ಸೇರಿದವನಲ್ಲ. ಮುಂದೆ ದೊಡ್ಡ ಲೀಗ್‌ಗೆ ಹೋಗಲಿರುವ ಹುಡುಗರ ತೋಳು ಸುಮ್ಮನೆ ಸವೆಯಬಾರದೆಂದು ಅವನನ್ನು ಇಟ್ಟುಕೊಂಡಿದ್ದರು. ತಂಡ ಒಂಬತ್ತು ರನ್ ಹಿಂದೆ ಬಿದ್ದಾಗ, ಮಳೆಗೆ ನಿಂತ ಆಟವನ್ನೂ ಸೇರಿಸಿ ಒಂದೇ ದಿನ ಎರಡು ಆಟ ಆಡಬೇಕಾದಾಗ, ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಬಂದು ಸೀದಾ ಮೈದಾನಕ್ಕೆ ಇಳಿಯಬೇಕಾದಾಗ ಚೆಂಡು ಅವನ ಕೈಗೆ ಬರುತ್ತಿತ್ತು. ಅವನು ಒಲ್ಲೆ ಎಂದದ್ದು ಯಾರ ನೆನಪಿನಲ್ಲೂ ಇಲ್ಲ.

2011ರ ವಸಂತದಲ್ಲಿ ನದಿ ದಂಡೆಯ ನಮ್ಮ ಊರು ಪೈಕ್ ಲ್ಯಾಂಡಿಂಗ್‌ಗೆ ಬಂದಾಗ ಅವನಿಗೆ ಮೂವತ್ತನಾಲ್ಕು ತುಂಬಿತ್ತು. ಚಿಕ್ಕ ಲೀಗ್‌ಗಳಲ್ಲಿ ಅದು ಹದಿಮೂರನೆಯ ವರ್ಷ, ಹನ್ನೊಂದನೆಯ ಊರು. ನಮ್ಮ ತಂಡ ಟರ್ಟಲ್ಸ್. ಅಂಗಿಯ ಎದೆಯ ಮೇಲೆ ದಾಂಡು ಹಿಡಿದು ಹಲ್ಲು ಕಿರಿಯುವ ಆಮೆ. ನಮ್ಮಲ್ಲಿಂದ ದೊಡ್ಡ ಲೀಗ್‌ಗೆ ಉಳಿದಿರುವುದು ಒಂದೇ ಮೆಟ್ಟಿಲು. ಆ ಒಂದು ಮೆಟ್ಟಿಲನ್ನು ನೋಡುತ್ತ ನಿಂತವರಿಗೆ ಅದರ ಎತ್ತರ ಗೊತ್ತು.

ಲೋವೆಲ್ ನೆಬ್ರಾಸ್ಕಾದವನು. ಯುರೋಪಿನ ಜೆಕ್ ನಾಡಿನಿಂದ ಬಂದ ರೈತರ ಒಂದು ಸಣ್ಣ ಊರು. ಅಪ್ಪ ರೈಲ್ವೆ ಹಳಿಯ ಪಕ್ಕದ ಧಾನ್ಯದ ಕಣಜ ನೋಡಿಕೊಳ್ಳುತ್ತಿದ್ದ; ಮಗ ಅದರ ಗೋಡೆಯ ಮೇಲೆ ಸುಣ್ಣದಲ್ಲಿ ಚೌಕ ಬರೆದು ಎಡಗೈಯಿಂದ ಚೆಂಡು ಎಸೆಯುತ್ತಿದ್ದ. ಅವನ ಎಸೆತದಲ್ಲಿ ವೇಗ ಎಂದೂ ಇರಲಿಲ್ಲ. ದಾಂಡಿಗನ ಹತ್ತಿರ ಬರುತ್ತ ಸ್ವಲ್ಪ ಬಾಗುವುದು, ಬಂತು ಎನ್ನುವಾಗ ಸ್ವಲ್ಪ ತಡವಾಗುವುದು, ಇಷ್ಟೇ. ಅವನ ಚೆಂಡನ್ನು ಎಲ್ಲರೂ ಹೊಡೆಯುತ್ತಿದ್ದರು. ಆದರೆ ಹೊಡೆದ ಚೆಂಡು ಹೆಚ್ಚಾಗಿ ನೆಲದ ಮೇಲೆ ಉರುಳಿ ಯಾರದಾದರೂ ಕೈಸೇರುತ್ತಿತ್ತು. ಇಂಥವರು ಆಯ್ಕೆದಾರರ ಕಣ್ಣಿಗೆ ಬೀಳುವುದು ಕಷ್ಟ.

ಮಾರ್ಲಾ ಅವನಿಗೆ ಸಿಕ್ಕಿದ್ದು ವಿಚಿಟಾದಲ್ಲಿ. ದಾಂಡಿಗನೊಬ್ಬ ನೇರ ಹೊಡೆದ ಚೆಂಡು ಬಾಯಿಗೆ ಬಡಿದು ಎರಡು ಹಲ್ಲು ಹೋಗಿದ್ದವು. ಅವಳು ಹಲ್ಲಿನ ಡಾಕ್ಟರ ಸಹಾಯಕಿ. ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಆ ಸಂಜೆಯ ಆಟಕ್ಕೆ ಟಿಕೆಟ್ ಬೇಕಾ ಎಂದು ಕೇಳಿದ.

"ಆ ಅವತಾರದಲ್ಲಿ ಆಡ್ತೀಯಾ?" ಎಂದಳು ಅವಳು.

"ಎಸೆಯೋದು ಕೈಯಲ್ಲಿ ತಾನೇ?"

ಮದುವೆಯಾದ ಮೇಲೆ ಪ್ರತಿ ಏಪ್ರಿಲ್‌ನಲ್ಲೂ ಒಂದು ಹೊಸ ಊರು. ಪಾತ್ರೆಗಳು ಕಾರಿನ ಡಿಕ್ಕಿಯಲ್ಲೇ ಇರುತ್ತಿದ್ದವು. ಚಳಿಗಾಲಕ್ಕೆ ನೆಬ್ರಾಸ್ಕಾಗೆ ಹಿಂದಿರುಗಿ, ಅವನು ಜಿಲ್ಲಾ ರಸ್ತೆ ಇಲಾಖೆಯ ಹಿಮ ತಳ್ಳುವ ಟ್ರಕ್ ಓಡಿಸುತ್ತಿದ್ದ. ಒಂದು ಸಲ ಅವನ ಹೆಸರು ದೊಡ್ಡ ಲೀಗ್‌ನವರ ಬಾಯಲ್ಲಿ ಬಂದದ್ದುಂಟು. ಆ ವಾರವೇ ಬೆರಳಿನ ಗುಳ್ಳೆ ಒಡೆದು ರಕ್ತ ಬಂತು, ಬೇರೆಯವನು ಹೋದ.

ಈ ಸಲ ಪೈಕ್ ಲ್ಯಾಂಡಿಂಗ್‌ಗೆ ಅವನು ಒಬ್ಬನೇ ಬಂದಿದ್ದ. ಮಗಳು ಹ್ಯಾಟಿಗೆ ಐದು ವರ್ಷ, ಆಗಸ್ಟ್‌ನಲ್ಲಿ ಶಾಲೆ ಶುರು. ನೆಬ್ರಾಸ್ಕಾದ ಅವರ ಊರಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಮಾರ್ಲಾಗೆ ಕಾಯಂ ಕೆಲಸ ಸಿಕ್ಕಿತ್ತು. ಗಂಡ ಹೆಂಡತಿ ಅಡುಗೆಮನೆಯ ಮೇಜಿನ ಎದುರು ಕೂತು ತೀರ್ಮಾನ ಮಾಡಿದ್ದರು: ಇದೇ ಕೊನೆಯ ವರ್ಷ. ಅಷ್ಟರೊಳಗೆ ದೊಡ್ಡ ಲೀಗ್‌ನಲ್ಲಿ ಒಂದು ದಿನ, ಒಂದೇ ಒಂದು ದಿನ ಎಸೆಯುವುದು ಸಾಧ್ಯವಾದರೆ ಆಯಿತು. ಇಲ್ಲದಿದ್ದರೆ ಇಲ್ಲ.

ತಂಡದ ಹುಡುಗರು ಅವನನ್ನು ತಾತ ಎಂದು ಕರೆಯುತ್ತಿದ್ದರು. ಬಸ್ಸಿನಲ್ಲಿ ಅವನಿಗೆ ಎರಡು ಸೀಟು ಬಿಟ್ಟುಕೊಟ್ಟಿದ್ದರು. ಅವನು ಆ ಎರಡನ್ನೂ ಬಿಟ್ಟು ನಡುವಿನ ದಾರಿಯಲ್ಲಿ ದಿಂಬು ಹಾಕಿ ಮಲಗುತ್ತಿದ್ದ.

"ತಾತ, ನೀನು ಆಟಕ್ಕೆ ಸೇರ್ದಾಗ ಚೆಂಡು ಗುಂಡಗಿತ್ತಾ, ಚೌಕ ಇತ್ತಾ?" ಎಂದು ಕೋಲ್ಬಿ ರೆನ್ಷಾ ಕೆಣಕುತ್ತಿದ್ದ. ಕೋಲ್ಬಿಗೆ ಇಪ್ಪತ್ತನಾಲ್ಕು, ಅವನೂ ಎಡಗೈ ಎಸೆತಗಾರ, ಲೋವೆಲ್‌ಗಿಂತ ವೇಗ ಜಾಸ್ತಿ, ಗುರಿ ಕಡಿಮೆ.

"ಚೌಕಾನೇ ಇತ್ತು. ನಿನ್ನಂಥೋರು ಹೊಡಿಸ್ಕೊಂಡು ಹೊಡಿಸ್ಕೊಂಡು ಗುಂಡಗಾಯ್ತು."

ಮ್ಯಾನೇಜರ್ ಹರ್ಶೆಲ್ ಬೌಟ್‌ವೆಲ್ ಅಲಬಾಮಾದವನು, ಅರವತ್ತರ ಹತ್ತಿರದ ಮನುಷ್ಯ. ಚಿಕ್ಕ ಲೀಗ್‌ನಲ್ಲಿ ಮ್ಯಾನೇಜರನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಸ್ಕಿಪ್ ಎನ್ನುತ್ತಾರೆ. ಬೌಟ್‌ವೆಲ್ ತನ್ನ ಕಾಲದಲ್ಲಿ ದಾಂಡಿಗನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದವನು. ದೊಡ್ಡ ಲೀಗ್‌ನಲ್ಲಿ ಎರಡು ಬೇಸಗೆ ಆಡಿ ಬಂದವನು. ಪದ್ಧತಿಗಳ ವಿಷಯದಲ್ಲಿ ಅವನು ಬಹಳ ಗಟ್ಟಿ. ಮೈದಾನದ ಸುಣ್ಣದ ಗೆರೆಯನ್ನು ಎಂದೂ ತುಳಿಯುತ್ತಿರಲಿಲ್ಲ. ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಸೋಲುವವರೆಗೆ ಬದಲಾಯಿಸುತ್ತಿರಲಿಲ್ಲ. ತಂಡ ಎಂಟು ಆಟ ಸತತವಾಗಿ ಗೆದ್ದಾಗ ಅವನ ಪಕ್ಕ ಕೂರುವವರೇ ಇರಲಿಲ್ಲ.

ಮೇ ತಿಂಗಳ ಆ ಬುಧವಾರ ಶಾಲಾ ಮಕ್ಕಳ ಆಟ. ವರ್ಷಕ್ಕೊಂದು ಸಲ ಬೆಳಗ್ಗೆ ಹನ್ನೊಂದಕ್ಕೇ ಆಟ ಶುರುಮಾಡಿ, ಸುತ್ತಲಿನ ಶಾಲೆಗಳ ಮಕ್ಕಳನ್ನೆಲ್ಲ ಹಳದಿ ಬಸ್ಸುಗಳಲ್ಲಿ ತಂದು ತುಂಬುತ್ತಾರೆ. ಮಕ್ಕಳಿಗೆ ಆಟ ಬೇಕಿಲ್ಲ. ಹಾಟ್‌ಡಾಗ್ ಬೇಕು, ಆಮೆ ವೇಷದವನ ಬಾಲ ಎಳೆಯಬೇಕು. ಕಿರುಚಾಟಕ್ಕೆ ನದಿಯ ಆಚೆ ದಂಡೆಯ ಕೊಕ್ಕರೆಗಳೂ ಏಳುತ್ತವೆ. ಎದುರಾಳಿ ಡುಲೂತ್‌ನ ತಂಡ. ಇಂಥ ಆಟದಲ್ಲಿ ಎಸೆಯುವುದಕ್ಕೆ ಬೆಳೆಯುವ ಹುಡುಗರು ಯಾರೂ ಹಾತೊರೆಯುವುದಿಲ್ಲ. ಚೆಂಡು ಲೋವೆಲ್‌ನ ಕೈಗೆ ಬಂತು.

ಮೊದಲ ಇನ್ನಿಂಗ್ಸ್‌ನಲ್ಲಿ ಮೂವರು ಬಂದರು, ಮೂವರೂ ಹೋದರು. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ಒಬ್ಬ ಜೋರಾಗಿ ಹೊಡೆದ. ಗಾಳಿ ಅದನ್ನು ಹಿಂದಕ್ಕೆ ತಳ್ಳಿ ಫೀಲ್ಡರನ ಕೈಗೆ ಹಾಕಿತು. ನಾಲ್ಕು ಮುಗಿದು ಲೋವೆಲ್ ಬಂದು ಬೆಂಚಿನ ಮೇಲೆ ಕೂತಾಗ ಅವನ ಎಡಗಡೆಯಿದ್ದವನು ಎದ್ದು ನೀರು ಕುಡಿಯಲು ಹೋದ, ತಿರುಗಿ ಬರಲಿಲ್ಲ. ಬಲಗಡೆ ಕೂತಿದ್ದ ಕೋಲ್ಬಿ ಸೂರ್ಯಕಾಂತಿ ಬೀಜದ ಪೊಟ್ಟಣವನ್ನೂ ಅಲ್ಲೇ ಬಿಟ್ಟು ಎದ್ದ. ಐದನೆಯ ಇನ್ನಿಂಗ್ಸ್ ಮುಗಿದಾಗ ಉದ್ದ ಬೆಂಚಿನ ಒಂದು ತುದಿಯಲ್ಲಿ ಲೋವೆಲ್ ಒಬ್ಬನೇ. ಮಿಕ್ಕ ಇಪ್ಪತ್ತು ಜನ ಇನ್ನೊಂದು ತುದಿಯಲ್ಲಿ ಒತ್ತೊತ್ತಾಗಿ ಕೂತಿದ್ದರು.

ದಾಂಡಿಗ ಚೆಂಡು ಹೊಡೆದು, ಔಟಾಗದೆ ಮೊದಲ ಬೇಸ್ ಮುಟ್ಟಿದರೆ ಅದು ಹಿಟ್. ಎಸೆತಗಾರನೊಬ್ಬ ಎದುರಾಳಿಗೆ ಒಂದೂ ಹಿಟ್ ಕೊಡದೆ ಆಟ ಮುಂದುವರಿಸುತ್ತಿದ್ದರೆ ಅವನನ್ನು ಯಾರೂ ಮಾತಾಡಿಸಬಾರದು. ಪಕ್ಕ ಕೂರಬಾರದು. ಆಗುತ್ತಿರುವುದೇನು ಎಂದು ಬಾಯಿಬಿಟ್ಟು ಹೇಳಲಂತೂ ಕೂಡದು. ಹೇಳಿದರೆ ಮುಂದಿನ ಚೆಂಡಿಗೇ ಹಿಟ್. ರೇಡಿಯೋದವನು ಕೂಡ ಸುತ್ತಿ ಬಳಸಿ, "ಡುಲೂತ್‌ನವರು ಇವತ್ತು ಅಷ್ಟೇನೂ ಓಡಾಡಿಲ್ಲ" ಎನ್ನುತ್ತಾನೆ. ಒಂಬತ್ತು ಇನ್ನಿಂಗ್ಸ್ ಹಾಗೆ ಮುಗಿಸುವುದು ಬಹುಪಾಲು ಎಸೆತಗಾರರ ಜೀವಮಾನದಲ್ಲಿ ಆಗುವುದಿಲ್ಲ. ಲೋವೆಲ್‌ನ ಜೀವಮಾನದಲ್ಲೂ ಆಗಿರಲಿಲ್ಲ.

ಮೂರನೆಯ ತರಗತಿಯ ಒಬ್ಬಳು ಹುಡುಗಿಗೆ ಇದು ಗೊತ್ತಿರಲಿಲ್ಲ. ಆಟಗಾರರ ಬೆಂಚು ಇರುವ ಡಗೌಟಿನ ಮಾಡಿನ ಮೇಲಿಂದ ಬಗ್ಗಿ ಕಿರುಚಿದಳು:

"ಅಂಕಲ್! ಅವರು ಒಂದೂ ಹಿಟ್ ಹೊಡ್ದೇ ಇಲ್ಲ!"

ಇಪ್ಪತ್ತು ಜನ ಒಟ್ಟಿಗೆ ಕೆಮ್ಮಿದರು. ಟೀಚರ್ ಅವಳ ಬಾಯಿ ಮುಚ್ಚಿ ಒಳಗೆಳೆದುಕೊಂಡಳು. ಲೋವೆಲ್ ತನ್ನ ಬೂಟಿನ ಮಣ್ಣು ಕೆರೆಯುತ್ತ ಕೂತಿದ್ದ.

ಬೌಟ್‌ವೆಲ್‌ನ ಜೇಬಿನಲ್ಲಿ ಫೋನ್ ಅದುರಿದ್ದು ಆಗ. ಆಟದ ನಡುವೆ ಆ ಫೋನಿಗೆ ಕರೆ ಮಾಡುವವರು ಟರ್ಟಲ್ಸ್‌ನ ಹುಡುಗರನ್ನು ಮೇಲಕ್ಕೆ ಕರೆಸಿಕೊಳ್ಳುವ, ದೊಡ್ಡ ಲೀಗ್‌ನ ದೊಡ್ಡ ತಂಡದವರು ಮಾತ್ರ. ಅವನು ಡಗೌಟಿನ ಹಿಂದಿನ ಓಣಿಗೆ ಹೋಗಿ ಕಿವಿಗೆ ಹಿಡಿದ.

"ಪಿಟ್ಸ್‌ಬರ್ಗ್‌ನಲ್ಲಿ ಶನಿವಾರ ಎಸೆಯಬೇಕಾದ ನಮ್ಮವನಿಗೆ ತೋಳು ಎತ್ತೋಕಾಗ್ತಿಲ್ಲ" ಎಂದಿತು ಆ ಕಡೆಯ ದನಿ. "ಎಡಗೈಯವನು ಬೇಕು. ತೆಸಾರ್ ಎಷ್ಟು ಎಸೆದಿದ್ದಾನೆ?"

"ಐವತ್ತೆಂಟು ಚೆಂಡು."

"ಸಾಕು, ಈಗ್ಲೇ ತೆಗೀರಿ. ಎಪ್ಪತ್ತು ದಾಟಿದ್ರೆ ಶನಿವಾರಕ್ಕೆ ತೋಳು ಬರಲ್ಲ."

ಬೌಟ್‌ವೆಲ್ ಓಣಿಯ ಗೋಡೆ ಹಿಡಿದು ನಿಂತ. ಹದಿಮೂರು ವರ್ಷದಿಂದ ಲೋವೆಲ್ ಕಾಯುತ್ತಿದ್ದ ಮಾತು ಇದೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಈಗ್ಲೇ ಆಗಲ್ಲ" ಎಂದ.

"ಯಾಕೆ? ಏನಾದ್ರೂ ನೋವಾ?"

"ನೋವಿಲ್ಲ. ಇಲ್ಲಿ ಒಂದು... ಒಂದು ವಿಷಯ ನಡೀತಾ ಇದೆ."

"ಏನು ವಿಷಯ?"

"ಅದನ್ನ ಹೇಳೋಕಾಗಲ್ಲ."

"ಹರ್ಶೆಲ್, ನನ್ಗೆ ಒಗಟು ಬಿಡಿಸೋಕೆ ಟೈಮಿಲ್ಲ. ತೆಗೆದು ಫೋನ್ ಮಾಡಿ" ಎಂದು ಆ ಕಡೆಯವನು ಇಟ್ಟುಬಿಟ್ಟ.

ಆ ಮನುಷ್ಯ ಪಿಟ್ಸ್‌ಬರ್ಗ್‌ನ ಹೋಟೆಲಿನಲ್ಲಿ ಕೂತಿದ್ದವನು. ನಮ್ಮ ಆಟ ಅವನ ಕಣ್ಣೆದುರು ಇರಲಿಲ್ಲ. ಬೌಟ್‌ವೆಲ್ ಒಂದು ಮಾತು ಹೇಳಿದ್ದರೆ ಅವನು ಏನಾದರೂ ದಾರಿ ಹುಡುಕುತ್ತಿದ್ದನೋ ಏನೋ. ಆದರೆ ಆ ಮಾತನ್ನು ಫೋನಿನಲ್ಲೂ ಆಡಬಾರದು ಎಂದು ಬೌಟ್‌ವೆಲ್ ನಂಬಿದ್ದ. ಅದಕ್ಕೆ ಅವನದೇ ಕಾರಣವಿತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ, ಅಲಬಾಮಾದ ಮೊಬೀಲ್ ಎಂಬ ಊರಿನ ತಂಡದಲ್ಲಿ ಕ್ಯಾಚರ್ ಆಗಿದ್ದಾಗ, ಎಂಟನೆಯ ಇನ್ನಿಂಗ್ಸ್‌ನಲ್ಲಿ ತನ್ನ ಎಸೆತಗಾರನ ಬೆನ್ನು ತಟ್ಟಿ "ಇನ್ನು ನಾಲ್ಕೇ ಜನ, ಒಬ್ಬರಿಗೂ ಹಿಟ್ ಇಲ್ಲ" ಎಂದಿದ್ದ. ಮುಂದಿನ ಚೆಂಡು ಗೋಡೆಯಾಚೆ ಹೋಯಿತು. ಆ ಎಸೆತಗಾರ ಸಾಯುವವರೆಗೆ ಇವನ ಜೊತೆ ಮಾತಾಡಲಿಲ್ಲ.

ಓಣಿಯಿಂದ ಹೊರಬಂದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತ. ಕ್ಯಾಚರ್ ಎಫ್ರೇನ್ ಕಿನ್ಯೋನೆಸ್ ಮುಖಕವಚ ಕಟ್ಟಿಕೊಳ್ಳುತ್ತಿದ್ದ. ಪೋರ್ಟೊ ರಿಕೊದವನು, ಎಲ್ಲರ ಮುಖ ಓದುವುದು ಅವನ ಕಸುಬು.

"ಯಾರದು ಸ್ಕಿಪ್ ಫೋನು?"

"ನನ್ನ ತಂಗೀದು."

"ತಂಗಿಗೆ ಆಟದ ಹೊತ್ತು ಗೊತ್ತಿಲ್ವಾ?"

"ನಿನ್ನ ಕೆಲಸ ನೋಡೋ."

ಬೌಟ್‌ವೆಲ್ ಲೆಕ್ಕ ಹಾಕಿದ್ದು ಹೀಗೆ. ಲೋವೆಲ್ ಹಿಟ್ ಕೊಡುವ ಎಸೆತಗಾರ. ಇನ್ನಿಂಗ್ಸ್‌ಗೊಂದಾದರೂ ಕೊಟ್ಟೇ ಕೊಡುತ್ತಾನೆ. ಆರನೆಯದರಲ್ಲಿ ಒಂದು ಬಿದ್ದ ತಕ್ಷಣ ಎಸೆತಗಾರನ ದಿಬ್ಬದ ಮೇಲೆ ಹೋಗಿ ಚೆಂಡು ತೆಗೆದುಕೊಂಡು, ಎಲ್ಲರ ಎದುರು ತಬ್ಬಿಕೊಂಡು, ಶನಿವಾರ ಪಿಟ್ಸ್‌ಬರ್ಗ್ ಎಂದು ಕಿವಿಯಲ್ಲಿ ಹೇಳುವುದು. ಎರಡೂ ಉಳಿಯುತ್ತವೆ, ಪದ್ಧತಿಯೂ, ಹುಡುಗನ ಬದುಕೂ. ಮೂವತ್ತು ವರ್ಷಗಳ ಮ್ಯಾನೇಜರಿಕೆಯಲ್ಲಿ ಮೊದಲ ಸಲ ಅವನು ತನ್ನ ಎಸೆತಗಾರ ಹೊಡಿಸಿಕೊಳ್ಳಲಿ ಎಂದು ಬೇಡಿಕೊಂಡ.

ಆರನೆಯ ಇನ್ನಿಂಗ್ಸ್‌ನ ಎರಡನೆಯ ದಾಂಡಿಗ ಸರಿಯಾಗಿಯೇ ಹೊಡೆದ. ಚೆಂಡು ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನ ಬಲಗಡೆಯಿಂದ ತಲೆಯೆತ್ತರದಲ್ಲಿ ಹೊರಟಿತು. ಬೌಟ್‌ವೆಲ್ ಆಗಲೇ ಒಂದು ಮೆಟ್ಟಿಲು ಹತ್ತಿದ್ದ. ಶಾರ್ಟ್‌ಸ್ಟಾಪ್ ಹುಡುಗ ಇಡೀ ಮೈ ಗಾಳಿಯಲ್ಲಿ ಚಾಚಿ, ಗ್ಲೌಸಿನ ತುದಿಯಲ್ಲಿ ಅದನ್ನು ಹಿಡಿದು, ಎದೆ ಅಡಿಯಾಗಿ ಬಿದ್ದ. ಬೆಂಚಿನ ಮೇಲಿದ್ದವರೆಲ್ಲ ಜಿಗಿದು ಕೂಗಿದರು. ಮ್ಯಾನೇಜರ್ ಟೋಪಿಯಿಂದ ಮುಖ ಮುಚ್ಚಿಕೊಂಡ. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು.

ಆ ಇನ್ನಿಂಗ್ಸ್ ಮುಗಿದಾಗ ಅರವತ್ತೊಂಬತ್ತು ಚೆಂಡು. ಲೋವೆಲ್ ಬಂದು ತನ್ನ ತುದಿಯಲ್ಲಿ ಕೂತ. ಅವನಿಗೂ ಮ್ಯಾನೇಜರನಿಗೂ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ. ಬೌಟ್‌ವೆಲ್ ಒಂದೆರಡು ಸಲ ಆ ಕಡೆ ತಿರುಗಿದ. ಲೋವೆಲ್ ಕಣ್ಣೆತ್ತಿ ನೋಡಿದ. ಮ್ಯಾನೇಜರ್ ಬೇಗ ಮುಖ ತಿರುಗಿಸಿಕೊಂಡ. ಲೋವೆಲ್‌ಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಅಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಅದನ್ನೇ.

ಏಳನೆಯದು. ನೆಲದ ಮೇಲೆ ಉರುಳಿದ ಮೂರು ಚೆಂಡು, ಮೂವರೂ ಔಟ್. ನಡುವೆ ಫೋನ್ ಮತ್ತೆ ಅದುರಿತು, ಬೌಟ್‌ವೆಲ್ ತೆಗೆಯಲಿಲ್ಲ. ಇನ್ನಿಂಗ್ಸ್ ಮುಗಿದ ಮೇಲೆ ಓಣಿಗೆ ಹೋಗಿ ತಾನೇ ಕರೆ ಮಾಡಿದ.

"ತೆಗೆದ್ರಾ?"

"ಇಲ್ಲ. ಎಂಬತ್ತಾಯ್ತು."

ಆ ಕಡೆ ಒಂದು ಉಸಿರು ಕೇಳಿಸಿತು. "ಸರಿ ಬಿಡಿ. ರೆನ್ಷಾ ಸೋಮವಾರ ಎಸೆದಿದ್ದಾನಲ್ವಾ? ಶನಿವಾರಕ್ಕೆ ಸರಿಯಾಗುತ್ತೆ. ಅವನನ್ನ ಸಂಜೆ ವಿಮಾನ ಹತ್ತಿಸಿ."

"ತೆಸಾರ್ ಅವನಿಗಿಂತ—"

"ಗೊತ್ತು. ಅದಕ್ಕೇ ಮೊದಲು ಅವನನ್ನ ಕೇಳಿದ್ದು."

ಕೊನೆಯ ಎರಡು ಇನ್ನಿಂಗ್ಸ್ ಬೌಟ್‌ವೆಲ್ ಕೂತೇ ನೋಡಿದ. ಈಗ ಹಿಟ್ ಬಿದ್ದರೆ ಲೋವೆಲ್‌ಗೆ ಏನೂ ಉಳಿಯುವುದಿಲ್ಲ. ಹಾಗಾಗಿ ಅವನ ಬೇಡಿಕೆ ತಲೆಕೆಳಗಾಗಿತ್ತು.

ಒಂಬತ್ತನೆಯ ಇನ್ನಿಂಗ್ಸ್ ಹೊತ್ತಿಗೆ ಮಕ್ಕಳ ಬಸ್ಸುಗಳು ಎಂಜಿನ್ ಶುರುಮಾಡಿದ್ದವು. ಡ್ರೈವರುಗಳು ಮಾತ್ರ ಬೇಲಿಗೆ ಆತುಕೊಂಡು ನಿಂತಿದ್ದರು. ಕೊನೆಯ ದಾಂಡಿಗ ಮೂರು ಸಲ ಬೀಸಿದ. ಮೂರನೆಯದು ಲೋವೆಲ್‌ನ ತಡವಾಗುವ ಚೆಂಡು. ದಾಂಡು ಹೋದ ಮೇಲೆ ಬಂತು. ಎಫ್ರೇನ್ ಓಡಿ ಬಂದು ಅವನನ್ನು ಎತ್ತಿಕೊಂಡ. ಇಪ್ಪತ್ತು ಜನರ ಕಟ್ಟಿಟ್ಟ ಬಾಯಿ ಒಮ್ಮೆಲೇ ಬಿಚ್ಚಿತು.

"ತಾತ! ನಿನ್ನ ಚೆಂಡು ಯಾವತ್ತು ಬರುತ್ತೆ ಅಂತ ನೋಡೋಕೆ ಅವ್ರಿಗೆ ಕ್ಯಾಲೆಂಡರ್ ಬೇಕಾಗಿತ್ತು ಕಣೋ!"

"ಮೂರು ಗಂಟೆ ಬಾಯಿ ಮುಚ್ಕೊಂಡು ನನ್ನ ದವಡೆ ನೋಯ್ತಿದೆ, ನಿನ್ನ ಹೆಂಡ್ತಿ ಹತ್ರ ತೋರಿಸ್ಬೇಕು" ಎಂದ ಕೋಲ್ಬಿ.

ಬಕೆಟ್ಟಿನ ನೀರು, ಮುಖಕ್ಕೆ ಶೇವಿಂಗ್ ನೊರೆ, ತಲೆಗೆ ಪೌಡರ್. ಆ ಅವತಾರದಲ್ಲೇ, ಭುಜಕ್ಕೆ ಮಂಜುಗಡ್ಡೆ ಕಟ್ಟಿಕೊಂಡು, ಲೋವೆಲ್ ಮ್ಯಾನೇಜರನ ಕೋಣೆಗೆ ಬಂದ. ಬೌಟ್‌ವೆಲ್ ಬಾಗಿಲು ಹಾಕಿದ.

"ಕೂತ್ಕೋ ಲೋವೆಲ್."

"ಕೂತ್ರೆ ಏಳೋಕಾಗಲ್ಲ ಸ್ಕಿಪ್. ನಿಂತೇ ಇರ್ತೀನಿ."

"ದೊಡ್ಡ ತಂಡದವ್ರು ಫೋನ್ ಮಾಡಿದ್ರು. ಶನಿವಾರ ಪಿಟ್ಸ್‌ಬರ್ಗ್‌ನಲ್ಲಿ ಎಸೆಯೋಕೆ ನಿನ್ನ ಕೇಳಿದ್ರು."

ಚಿಕ್ಕ ಲೀಗ್‌ನಲ್ಲಿ ಈ ಸುದ್ದಿಯನ್ನು ಯಾವ ಮ್ಯಾನೇಜರನೂ ನೇರವಾಗಿ ಹೇಳುವುದಿಲ್ಲ. ಮುಖ ಗಂಟಿಕ್ಕಿ, ಬೈದು, ತಂಡದಿಂದ ತೆಗೆದಿದ್ದೇವೆ ಎಂದು ಹೆದರಿಸಿ, ಕೊನೆಗೆ ಹೇಳುತ್ತಾರೆ. ಬೌಟ್‌ವೆಲ್‌ನ ಗಂಟಿಕ್ಕಿದ ಮುಖ ನೋಡಿ ಲೋವೆಲ್ ಇದೂ ಆ ಆಟವೇ ಎಂದುಕೊಂಡ. ನೊರೆಯ ನಡುವೆ ನಗು ಅಗಲವಾಯಿತು.

"ಶನಿವಾರಾನಾ?" ಎಂದ. "ಶನಿವಾರ ಅಂದ್ರೆ... ಮಾರ್ಲಾ ಶುಕ್ರವಾರ ರಜೆ ಹಾಕಿ ಹೊರಟ್ರೆ ಸರಿಯಾಗುತ್ತೆ. ಹ್ಯಾಟಿಗೆ ಶೂ ತಗೋಬೇಕು. ಸ್ಕಿಪ್, ಒಂದು ನಿಮಿಷ ನಿಮ್ಮ ಫೋನ್ ಕೊಡಿ."

"ತಡಿ."

"ಒಂದೇ ನಿಮಿಷ."

"ತಡಿಯೋ ಮಾರಾಯ. ಕೇಳಿದ್ದು ಐದನೇ ಇನ್ನಿಂಗ್ಸ್ ಆದ್ಮೇಲೆ. ಎಪ್ಪತ್ತರೊಳಗೆ ತೆಗೀರಿ ಅಂದ್ರು. ನಾನು ತೆಗೀಲಿಲ್ಲ. ಕೋಲ್ಬಿ ಹೋಗ್ತಿದ್ದಾನೆ."

ಲೋವೆಲ್ ಟವೆಲಿನಿಂದ ಮುಖ ಒರೆಸಿಕೊಂಡ. ನಿಧಾನವಾಗಿ, ಕಿವಿಯ ಹಿಂದೆಯೂ ಒರೆಸಿಕೊಂಡ.

"ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನೀನು ಅಲ್ಲಿ ಒಬ್ನೇ ಕೂತಿದ್ದೆ."

"ಬಂದು ಚೆಂಡು ಕಿತ್ಕೋಬೇಕಿತ್ತು."

"ಹಿಟ್ ಕೊಡದವನ ಕೈಯಿಂದಾನಾ? ಕಿತ್ಕೊಂಡಿದ್ರೆ ಏನಂತಿದ್ದೆ ನೀನು?"

"ಥ್ಯಾಂಕ್ಸ್ ಅಂತಿದ್ದೆ."

ಹೊರಗೆ ಹುಡುಗರು ಹಾಡುತ್ತಿದ್ದರು. ಯಾರೋ ಬಾಗಿಲು ಬಡಿದು ತಾತನನ್ನು ಕಳಿಸಿ ಎಂದರು.

"ಸ್ಕಿಪ್" ಎಂದ ಲೋವೆಲ್, "ನೀವು ಮೆಟ್ಲು ಹತ್ತಿ ಕೈ ಅಲ್ಲಾಡ್ಸಿದ್ರೆ ಸಾಕಿತ್ತು. ಅಲ್ಲಿಂದಾನೇ ಓಡ್ತಿದ್ದೆ. ಬೂಟ್ ಕೂಡ ಬಿಚ್ತಿರ್ಲಿಲ್ಲ."

"ಇದಕ್ಕಿಂತ ದೊಡ್ಡದು ಇಲ್ಲ ಅಂದ್ಕೊಂಡೆ. ನಾನು ಆಟ ಆಡಿದಾಗ್ನಿಂದ ಹಾಗೇ ಅಂದ್ಕೊಂಡಿದ್ದು."

"ನೀವು ಅಲ್ಲಿಗೆ ಹೋಗಿ ಬಂದವ್ರು."

ಬೌಟ್‌ವೆಲ್ ಫೋನ್ ತೆಗೆದು ಮತ್ತೆ ಪಿಟ್ಸ್‌ಬರ್ಗ್‌ಗೆ ಕರೆ ಮಾಡಿದ. ಈ ಸಲ ಎಲ್ಲವನ್ನೂ ಬಾಯಿಬಿಟ್ಟು ಹೇಳಿದ: ಹಿಟ್ ಇಲ್ಲ, ಒಂಬತ್ತು ಇನ್ನಿಂಗ್ಸ್, ತಪ್ಪು ತನ್ನದು. ಆ ಕಡೆಯವನು ಅಭಿನಂದನೆ ತಿಳಿಸಿ ಎಂದ. ನೂರಾ ನಾಲ್ಕು ಚೆಂಡು ಎಸೆದ ತೋಳನ್ನು ಶನಿವಾರ ಏನು ಮಾಡಲಿ ಎಂದ.

ಕಾರು ನಿಲ್ಲಿಸುವ ಜಾಗದಿಂದ ಲೋವೆಲ್ ಹೆಂಡತಿಗೆ ಫೋನ್ ಮಾಡಿದ. ಮಾರ್ಲಾ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಆಟ ಕೇಳಿದ್ದಳು. ಕೊನೆಯ ಇನ್ನಿಂಗ್ಸ್‌ನಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಯೂ ಕೇಳಿದ್ದ. ಅವಳು ಅಳುತ್ತ ನಗುತ್ತ ಮಾತಾಡಿದಳು. ಅವಳದು ಮುಗಿದ ಮೇಲೆ ಅವನು ಪಿಟ್ಸ್‌ಬರ್ಗ್‌ನ ಕರೆಯ ವಿಷಯ ಹೇಳಿದ.

ಆ ಕಡೆ ಕ್ಲಿನಿಕ್ಕಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಬೌಟ್‌ವೆಲ್ ಅಲ್ಲಿದ್ದಾನಾ?"

"ಒಳಗಿದ್ದಾರೆ."

"ಕೊಡು ಅವನಿಗೆ."

"ಬೇಡ ಮಾರ್ಲಾ. ಆ ಮನುಷ್ಯ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು."

"ನಾನೇನು ಕೆಟ್ಟದ್ದಕ್ಕೆ ಅಂದ್ನಾ? ಎಷ್ಟು ಊರು, ಲೋವೆಲ್. ಪಾತ್ರೆ ಕಟ್ಟಿದ್ದು ನಾನು. ಫೋನ್ ಕೊಡು."

ಅವನು ಕೊಡಲಿಲ್ಲ. ಅಷ್ಟರಲ್ಲಿ ಕೋಲ್ಬಿ ಎರಡು ಚೀಲ ಹೊತ್ತುಕೊಂಡು ಬಾಗಿಲಲ್ಲಿ ಬಂದು ನಿಂತಿದ್ದ, ಹಿಂದೆ ಬೌಟ್‌ವೆಲ್. ಕೋಲ್ಬಿಯ ಬಳಿ ಕಾರಿರಲಿಲ್ಲ. ತಂಡದ ವ್ಯಾನು ಬೇರೆಲ್ಲೋ ಹೋಗಿತ್ತು. ವಿಮಾನ ನಿಲ್ದಾಣ ಮುಕ್ಕಾಲು ಗಂಟೆಯ ದಾರಿ. ಯಾರು ಬಿಡುತ್ತಾರೆ ಎಂದು ಬೌಟ್‌ವೆಲ್ ಕೇಳುವ ಮೊದಲೇ ಲೋವೆಲ್ ತನ್ನ ಟ್ರಕ್ಕಿನ ಬಾಗಿಲು ತೆರೆದ.

ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಕೋಲ್ಬಿ ಒಂದೇ ಸಮನೆ ಮಾತಾಡಿದ. ಅಮ್ಮನಿಗೆ ಫೋನ್ ಮಾಡಿದೆ, ಅವಳು ನಂಬಲೇ ಇಲ್ಲ; ಟೈ ಕಟ್ಟಿಕೊಂಡು ಹೋಗಬೇಕಾ; ನಿಜವಾಗಿಯೂ ಅಲ್ಲಿ ಚೀಲವನ್ನು ಬೇರೆಯವರು ಹೊರುತ್ತಾರಾ.

"ತಾತ, ಅವ್ರೆಲ್ಲ ನನ್ನ ಚಿಂದಿ ಮಾಡಿಬಿಡ್ತಾರೆ."

"ಮಾಡಬಹುದು" ಎಂದ ಲೋವೆಲ್. "ಮೊದಲ ಚೆಂಡನ್ನ ಬಿಗಿಯಾಗಿ ಹಿಡೀಬೇಡ. ಹೆದರಿಕೆಯಾದಾಗ ನೀನು ಜೋರಾಗಿ ಎಸೀತೀಯ, ಅದು ಮೇಲಕ್ಕೆ ಹೋಗುತ್ತೆ. ನಿಧಾನದ್ದು ಮೊದಲು ಎಸಿ. ನಿನ್ನಿಂದ ಅದನ್ನ ಯಾರೂ ಕಾಯ್ತಿರಲ್ಲ."

"ನೀನೂ ಬರ್ತೀಯ ಬಿಡು. ಇವತ್ತು ಹಾಗೆ ಎಸೆದ ಮೇಲೆ ಕರೀದೇ ಇರ್ತಾರಾ?"

ಲೋವೆಲ್ ಗೇರ್ ಬದಲಾಯಿಸಿದ. "ಟೈ ಬೇಕು" ಎಂದ. "ಹಿಂದಿನ ಸೀಟಲ್ಲಿ ಒಂದಿದೆ, ತಗೋ."

ಶನಿವಾರ ಕೋಲ್ಬಿ ನಾಲ್ಕು ಇನ್ನಿಂಗ್ಸ್ ಎಸೆದ. ಐದು ರನ್ ಕೊಟ್ಟ. ಟರ್ಟಲ್ಸ್ ಹುಡುಗರೆಲ್ಲ ಡ್ರೆಸ್ಸಿಂಗ್ ಕೋಣೆಯ ಟಿವಿಯಲ್ಲಿ ನೋಡಿದರು. ಮೊದಲ ಚೆಂಡು ನಿಧಾನದ್ದು ಎಂದು ಎಫ್ರೇನ್ ಗಮನಿಸಿ ಲೋವೆಲ್‌ನ ಕಡೆ ತಿರುಗಿದ, ಲೋವೆಲ್ ಟಿವಿ ನೋಡುತ್ತಲೇ ಇದ್ದ. ಬೌಟ್‌ವೆಲ್‌ನ ಫೋನು ಆ ರಾತ್ರಿಯಿಡೀ ಮೇಜಿನ ಮೇಲಿತ್ತು. ದೊಡ್ಡ ತಂಡದವರು ಮರುವಾರ ಬೇರೊಂದು ತಂಡದಿಂದ ಒಬ್ಬನನ್ನು ಕೊಂಡುಕೊಂಡರು. ಕೋಲ್ಬಿ ಹಿಂದಿರುಗಿ ಬಂದ, ಜುಲೈನಲ್ಲಿ ಮತ್ತೆ ಹೋದ, ಆಮೇಲೆ ಮೂರು ವರ್ಷ ಅಲ್ಲೇ ಇದ್ದ.

ಲೋವೆಲ್ ತನ್ನ ಸರದಿ ಬಂದಾಗಲೆಲ್ಲ ಎಸೆದ. ಹಿಟ್‌ಗಳನ್ನು ಎಂದಿನಂತೆ ಕೊಟ್ಟ. ಆಗಸ್ಟ್ ಮೊದಲ ವಾರ, ಹ್ಯಾಟಿಯ ಶಾಲೆ ಶುರುವಾಗುವ ಮುಂಚೆ, ಮ್ಯಾನೇಜರನ ಕೈಕುಲುಕಿ ನೆಬ್ರಾಸ್ಕಾಗೆ ಹೊರಟ. ಬೌಟ್‌ವೆಲ್ ಟ್ರಕ್ಕಿನವರೆಗೆ ಬಂದು, ಏನೋ ಹೇಳಬೇಕೆಂದು ನಿಂತು, ಟೈರನ್ನು ಕಾಲಿನಿಂದ ಒತ್ತಿ ನೋಡಿ, "ಗಾಳಿ ಕಮ್ಮಿ ಇದೆ" ಎಂದ.

ಈಗ ಲೋವೆಲ್ ಜಿಲ್ಲಾ ರಸ್ತೆ ಇಲಾಖೆಯಲ್ಲಿ ಕಾಯಂ ನೌಕರ. ಬೇಸಗೆಯಲ್ಲಿ ಜಲ್ಲಿ ಹಾಕಿಸುತ್ತಾನೆ, ಚಳಿಗಾಲದಲ್ಲಿ ಹಿಮ ತಳ್ಳುತ್ತಾನೆ. ಎಡಭುಜ ಕಿವಿಯ ಎತ್ತರಕ್ಕಿಂತ ಮೇಲೆ ಏಳುವುದಿಲ್ಲ. ಆ ಬುಧವಾರದ ಬಗ್ಗೆ ಕೇಳಿದರೆ ಮಾತಾಡುತ್ತಾನೆ, ತಾನಾಗಿ ಎತ್ತುವುದಿಲ್ಲ. ಕೋಲ್ಬಿಗೆ ನಿಜ ಗೊತ್ತಾ ಎಂದು ಕೇಳಿದ್ದಕ್ಕೆ ಹೂಂ ಎಂದ. ಎಷ್ಟೋ ವರ್ಷಗಳ ನಂತರ ಎಫ್ರೇನ್ ಅವನಿಗೆ ಹೇಳಿದ್ದನಂತೆ. ಕೋಲ್ಬಿ ಅವತ್ತೇ ಫೋನ್ ಮಾಡಿದ.

"ಟ್ರಕ್ಕಲ್ಲಿ ಅಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದೆ. ಯಾಕೆ ಹೇಳ್ಲಿಲ್ಲ ತಾತ?"

"ಹೇಳಿದ್ರೆ ಶನಿವಾರ ನೀನು ಎಸೆಯೋಕಾಗ್ತಿತ್ತೇನೋ?"

ಬೌಟ್‌ವೆಲ್ ನಿವೃತ್ತನಾಗಿ ಅಲಬಾಮಾದ ತನ್ನ ಊರಲ್ಲಿದ್ದಾನೆ. ಹಿತ್ತಲಿನಲ್ಲಿ ಅಕ್ರೋಟಿನ ಜಾತಿಯ ನಾಲ್ಕು ಪಿಕಾನ್ ಮರ. ಪ್ರತಿ ನವೆಂಬರ್‌ನಲ್ಲಿ ಬೀಜ ಆರಿಸಿ, ಸಿಪ್ಪೆ ತೆಗೆದು, ಒಂದು ಪೆಟ್ಟಿಗೆ ಲೋವೆಲ್‌ಗೆ ಕಳಿಸುತ್ತಾನೆ. ಜೊತೆಗೆ ಏನೂ ಬರೆದಿರುವುದಿಲ್ಲ. ಅಂಗಡಿಯದಕ್ಕಿಂತ ಇವು ಬಹಳ ರುಚಿ ಎನ್ನುತ್ತಾನೆ ಲೋವೆಲ್. ಟ್ರಕ್ಕಿನಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಹಿಮ ತಳ್ಳುತ್ತ ತಿನ್ನುತ್ತಾನೆ. ಹ್ಯಾಟಿಯೂ ತಿನ್ನುತ್ತಾಳೆ.

ಮಾರ್ಲಾ ಒಂದನ್ನೂ ಬಾಯಿಗೆ ಹಾಕಿಕೊಂಡಿಲ್ಲ. ಕ್ರಿಸ್‌ಮಸ್‌ಗೆ ಪಿಕಾನ್ ಪೈ ಮಾಡುವಾಗ ಆ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಕಾರು ತೆಗೆದುಕೊಂಡು ಪಕ್ಕದ ಊರಿನ ಅಂಗಡಿಗೆ ಹೋಗಿ ಬೇರೆ ಪಿಕಾನ್ ತರುತ್ತಾಳೆ.